ಕಡಲಿನವರ ಲೆಕ್ಕ, ಕೆರೆಯವರ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ನಿಂತು ಕಡಲ ಮೀನಿನ ಮಾತಾಡುತ್ತಾರಂತೆ ಎಂದು ಕೆಲವರು ನಕ್ಕರಂತೆ. ನಗಲಿ. ನಂದಿ ಬೆಟ್ಟದ ಸೀಮೆಯಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ನೋಡಿ. ಉತ್ತರ ಪಿನಾಕಿನಿ ನೆಲ್ಲೂರಿನ ಹತ್ತಿರ, ದಕ್ಷಿಣ ಪಿನಾಕಿನಿ ಕಡಲೂರಿನ ಹತ್ತಿರ, ಪಾಲಾರ್ ಚೆನ್ನೈಗೆ ತೆಂಕಲಾಗಿ, ಮೂರೂ ಬಂಗಾಳ ಕೊಲ್ಲಿಯನ್ನೇ ಸೇರಬೇಕು. ಸೇರುತ್ತವೆ ಅನ್ನುವುದು ನಕ್ಷೆಯ ಮಾತು. ನಮ್ಮ ಕಡೆ ಅವುಗಳ ಪಾತ್ರದಲ್ಲಿ ವರ್ಷದ ಬಹುಪಾಲು ಕಾಣುವುದು ಜಾಲಿ ಗಿಡ. ಅದಿರಲಿ.

ಕರಾವಳಿಯ ಎರಡು ನಿಯಮಗಳನ್ನು ನಿಮ್ಮ ಮುಂದಿಡುತ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಇದು ಬಹುಮಟ್ಟಿಗೆ ಪಾಲನೆಯಾಗುತ್ತದೆ. ಕಾನೂನು ಬರುವ ಮೊದಲೇ ಮಳೆಗಾಲದ ಕಡಲಿಗೆ ಹೆದರಿ ದೋಣಿ ದಡ ಹತ್ತುತ್ತಿತ್ತು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಮತ್ತೆ ಇಳಿಯುವ ಪದ್ಧತಿ ಇವತ್ತಿಗೂ ಇದೆ. ಇನ್ನೊಂದು, ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆಯುವ ಬೆಳಕು ಮೀನುಗಾರಿಕೆ. ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ನಾಡದೋಣಿಯವರು ಅದರ ವಿರುದ್ಧ ಬೀದಿಗಿಳಿಯುವುದು ನಿಂತಿಲ್ಲ.

ಒಂದು ನಿಯಮ ಉಳಿದು, ಇನ್ನೊಂದು ಯಾಕೆ ಕುಸಿಯಿತು? ನನಗೆ ಕಾಣುವ ಕಾರಣ ಸರಳ. ಜೂನ್‌ನಲ್ಲಿ ಬಂದರಿನಲ್ಲಿ ಎಲ್ಲರ ದೋಣಿಯೂ ಎಲ್ಲರ ಕಣ್ಣೆದುರು ಕಟ್ಟಿರುತ್ತದೆ. ನಡುರಾತ್ರಿ ಆಳಕಡಲಿನಲ್ಲಿ ಯಾರು ಯಾರನ್ನು ನೋಡುತ್ತಾರೆ?

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರನ್ನು ನೋಡಿ. ಅಲ್ಲಿ ಚಿಪ್ಪಿಮೀನನ್ನು ನಂಬಿ ಬದುಕುವವರು ಸಾವಿರಾರು ಮಂದಿ. ರಫ್ತಿನ ಬೇಡಿಕೆ ಏರಿ 1991ರ ಹೊತ್ತಿಗೆ ವರ್ಷಕ್ಕೆ ಸುಮಾರು 10,000 ಟನ್ ತೆಗೆದರು. 1993ಕ್ಕೆ ಅದು ಅರ್ಧಕ್ಕೆ ಇಳಿಯಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಚಿಪ್ಪಿ ಯಾವಾಗ ಮರಿ ಬಿಡುತ್ತದೆ, ಎಷ್ಟು ದಪ್ಪಕ್ಕೆ ಬಲಿಯುತ್ತದೆ ಎಂದು ಅಧ್ಯಯನ ಮಾಡಿದರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲಿಗೆ ರಜೆ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಬಾರದು ಎಂಬ ಕಟ್ಟುಪಾಡು ಬಂತು. 2014ರಲ್ಲಿ ಈ ಮೀನುಗಾರಿಕೆಗೆ ಎಂಎಸ್‌ಸಿ ಎಂಬ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ವಿಜ್ಞಾನಿಗಳು ವರದಿ ಬರೆದು ಎದ್ದು ಹೋಗಿದ್ದರೆ ಇದು ಆಗುತ್ತಿರಲಿಲ್ಲ. ಹೆಕ್ಕುವವರೇ ನಿಯಮ ಕಾಯುವ ಮಂಡಳಿಯಲ್ಲಿ ಕೂತರು.

ಈಗ ನಮ್ಮ ಮನೆಗೆ ಬರೋಣ. ಕಡಲಿಗೆ ಏರಿಯಿಲ್ಲ, ಕೆರೆಗೆ ಇದೆ. ಏರಿಯ ಮೇಲೆ ನಿಂತರೆ ಯಾರು ಯಾವ ಬಲೆ ಬಿಟ್ಟರು, ಎಷ್ಟು ಮೀನು ಎತ್ತಿದರು, ಎಲ್ಲ ಕಾಣುತ್ತದೆ. ನೀರಿಗೆ ನೀರುಗಂಟಿಯನ್ನು ಇಟ್ಟು ತೂಬು ಕಾದ ಊರುಗಳು ನಮ್ಮವು. ಮೀನಿಗೆ ಮಾತ್ರ ಯಾರೂ ಇಲ್ಲ. ಟೆಂಡರ್ ಹಿಡಿದವರಿಗೆ ಗುತ್ತಿಗೆ ಮುಗಿಯುವುದರೊಳಗೆ ಬಾಚಿಕೊಳ್ಳುವ ಆತುರ, ಊರಿನವರಿಗೆ ನಮಗೇನು ಅನ್ನುವ ಉದಾಸೀನ.

ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಪ್ರತಿ ವರ್ಷ ಮರಿ ತಂದು ಬಿಡಬೇಕು. ಹಾಗಾಗಿ ಅದು ವ್ಯವಸಾಯ, ಅದರ ಲೆಕ್ಕ ಗುತ್ತಿಗೆದಾರನೇ ನೋಡಿಕೊಳ್ಳುತ್ತಾನೆ. ನನ್ನ ಚಿಂತೆ ಕೊರಮೀನಿನದು. ಅದು ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಮರಿ ಮಾಡುವ ಮೀನು. ಮಳೆ ಶುರುವಾದಾಗ ಜೊಂಡಿನ ಅಂಚಿಗೆ ಹೋಗಿ ಸುಮ್ಮನೆ ನಿಂತು ನೋಡಿ. ಕೆಂಪು ಕೆಂಪು ಮರಿಗಳ ಗುಂಪೊಂದು ನೀರಿನ ಮೇಲ್ಮೈಗೆ ಬಂದು ಗಾಳಿ ಕುಡಿದು ಮತ್ತೆ ಇಳಿಯುತ್ತಿರುತ್ತದೆ. ಅದರ ಕೆಳಗೇ ತಾಯಿಯೋ ತಂದೆಯೋ ಕಾವಲು. ಗಾಳ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಮರಿ ಕಂಡಲ್ಲೇ ಗಾಳ ಬಿಡುತ್ತಾರೆ. ಕಾವಲಿನ ಮೀನು ಹೋದರೆ ಆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಕರಾವಳಿಯ 61 ದಿನದ ನಿಷೇಧ ನಮಗೆ ಬೇಡ, ಮರಿ ಗುಂಪು ಕಂಡ ಅಂಚನ್ನು ಕೆಲವು ವಾರ ಬಿಟ್ಟರೆ ಸಾಕು.

ಇನ್ನು ನೀರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬಂದಿದ್ದು ನಿಮಗೆ ನೆನಪಿದೆ. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕು ಎಂಬ ಹೋರಾಟಗಾರರ ಒತ್ತಾಯ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಇಂಥ ನೀರಿನಲ್ಲಿ ಸಾರಜನಕ, ರಂಜಕ ಉಳಿದಿದ್ದರೆ ಪಾಚಿ ಹಬ್ಬುತ್ತದೆ. ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿ ತಾನೇ ಬಳಸುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಇದೇ ಕಾರಣವಿರಬಹುದು. ಸತ್ತ ಮೇಲೆ ವಿಷ ಹಾಕಿದರು ಎಂದು ಜಗಳವಾಗುತ್ತದೆ, ದಾಖಲೆ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ.

ಅದಕ್ಕೆ ಈ ತಟ್ಟೆ, ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು. 20 ಸೆಂಟಿಮೀಟರ್ ಅಗಲ, ನಾಲ್ಕು ಭಾಗ, ಎದುರುಬದುರು ಕಪ್ಪು ಬಿಳಿ ಬಣ್ಣ, ಅಡಿಗೆ ಭಾರಕ್ಕೊಂದು ಕಲ್ಲು, ಗುರುತು ಹಾಕಿದ ಹಗ್ಗ. ಇದರ ಮೂಲ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಕಡಲಲ್ಲಿ ಇಳಿಬಿಟ್ಟ ಬಿಳಿ ತಟ್ಟೆ, ಕಪ್ಪು ಬಿಳಿ ಭಾಗಗಳು ಆಮೇಲೆ ಬಂದವು. ಇವತ್ತಿಗೂ ಇದನ್ನು ಮೀರಿಸುವ ಅಗ್ಗದ ಸಾಧನವಿಲ್ಲ. ನಡುಹಗಲು ಇಳಿಸಿ, ತಟ್ಟೆ ಮರೆಯಾದಾಗ ಹಗ್ಗದ ಗುರುತು ನೋಡಿ. ಮೇಲೆಳೆಯುವಾಗ ಮತ್ತೆ ಕಂಡಾಗ ಇನ್ನೊಮ್ಮೆ ನೋಡಿ. ಎರಡರ ನಡುವಿನದನ್ನು ಬರೆದಿಡಿ. ಮೂವತ್ತು ನಲವತ್ತು ಸೆಂಟಿಮೀಟರ್ ಬಂದರೆ ಚಿಂತೆಯಿಲ್ಲ. ನೀರು ಹಸಿರಾಗಿದ್ದು ಇಪ್ಪತ್ತಕ್ಕಿಂತ ಕಡಿಮೆ ಬಂದರೆ ಮರುದಿನ ನಸುಕಿಗೆ ಏರಿಗೆ ಹೋಗಿ, ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆಯೇ ನೋಡಿ. ಮಣ್ಣು ಕದಡಿದ ನೀರಾದರೆ ಬೇರೆ ಮಾತು.

ಗುತ್ತಿಗೆದಾರ ಒಪ್ಪುತ್ತಾನಾ ಎಂದು ಮುಂದಿನ ಸಾಲಿನವರು ಆಗಲೇ ಪಿಸುಗುಟ್ಟುತ್ತಿದ್ದಾರೆ. ಸಾಯುವುದು ಅವನ ಮೀನೂ ಹೌದಲ್ಲ, ಮುನ್ಸೂಚನೆ ಅವನಿಗೇ ಲಾಭ. ಮರಿ ಅಂಚಿಗೆ ಬಲೆ ಬೇಡ, ಎತ್ತಿದ ಮೀನಿನ ಜಾತಿ ಮತ್ತು ತೂಕ ಊರಿನ ಪುಸ್ತಕಕ್ಕೆ ಬರೆಸಬೇಕು, ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಷ್ ಬಿಡುವಂತಿಲ್ಲ: ಇಷ್ಟನ್ನು ಮುಂದಿನ ಟೆಂಡರಿನ ಕರಾರಿಗೆ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಪುಸ್ತಕ ಗಾಳ ಹಾಕುವವರ ಕೈಯಲ್ಲೇ ಇರಲಿ, ಮೇಷ್ಟರ ಕೈಗೆ ಬೇಡ.

ಮಾಡಿಸಿದ ತಟ್ಟೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಊರು, ಕೆರೆಯ ಹೆಸರು ಬರೆಸಿ ತೆಗೆದುಕೊಳ್ಳಿ. ಪ್ರಶ್ನೆಗಳಿದ್ದರೆ ಈಗ ಕೇಳಿ.