ಶನಿವಾರವೇ ಟೊಮೆಟೊ ತಂದಿಡಿ ಮಾರಾಯ್ರೆ

ನಮಸ್ಕಾರ ಎಲ್ಲರಿಗೂ. ಕಾಫಿ ಇದೆ, ಸಿಟ್ಟೂ ಇದೆ. ಶುರು ಮಾಡೋಣ.

ಹೋದ ವಿಡಿಯೊದಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಕಳೆದ ಒಂದು ಸೆಮಿಸ್ಟರ್ ಬಗ್ಗೆ ಹೇಳಿದ್ದೆ. 1477ರಲ್ಲಿ ಶುರುವಾದ ಯೂನಿವರ್ಸಿಟಿ, ನೆಕ್ಕಾರ್ ನದಿ, ಉದ್ದ ಕೋಲು ಹಾಕಿ ನೂಕುವ ದೋಣಿ, ಪಾಠ ಮುಗಿದರೆ ಚಪ್ಪಾಳೆ ಬದಲು ಮೇಜು ಕುಟ್ಟುವ ಹುಡುಗರು, ಎಲ್ಲ ಹೇಳಿದ್ದೆ. ಕೆಳಗೆ ಒಬ್ಬರ ಕಾಮೆಂಟ್: "ಬ್ರೋ, ಭಾನುವಾರ ಒಂದು ಅಂಗಡಿನೂ ತೆಗೆಯಲ್ಲ ಅಂದ್ರೆ ಅದೆಂಥಾ ಮುಂದುವರಿದ ದೇಶ? ನಮ್ಮಲ್ಲಿ ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಬರುತ್ತೆ." ಇದಕ್ಕೆ ಬಿದ್ದ ಲೈಕ್ ನನ್ನ ವಿಡಿಯೊಗೂ ಬಿದ್ದಿಲ್ಲ!

ಸರಿ, ಬ್ರೋ. ಇವತ್ತು ಒಂದೇ ಮಾತು ಹೇಳುತ್ತೇನೆ. ಭಾನುವಾರ ಅಂಗಡಿ ಮುಚ್ಚಬೇಕು. ಅಲ್ಲಿ ಮಾತ್ರ ಅಲ್ಲ, ಇಲ್ಲೂ.

ಅದು ಅವರ ಸೋಮಾರಿತನ ಅಂದುಕೊಳ್ಳಬೇಡಿ. 1919ರ ವೈಮಾರ್ ಸಂವಿಧಾನ, ಅಂದರೆ ಜರ್ಮನಿಯ ಹಳೆಯ ಸಂವಿಧಾನದಲ್ಲೇ ಭಾನುವಾರ ಕೆಲಸಕ್ಕೆ ಬಿಡುವಿನ ದಿನ ಎಂದು ಬರೆದಿದ್ದರು. 1949ರಲ್ಲಿ ಬಂದ ಈಗಿನ ಸಂವಿಧಾನವೂ ಆ ಮಾತನ್ನು ಹಾಗೇ ಇಟ್ಟುಕೊಂಡಿತು. ರೈಲ್ವೆ ಸ್ಟೇಷನ್ನಿನ ಅಂಗಡಿ, ಪೆಟ್ರೋಲ್ ಬಂಕು, ಕೆಲವು ಗಂಟೆ ಬೇಕರಿ, ಹೋಟೆಲು, ಇಷ್ಟು ಇರುತ್ತದೆ. ಉಳಿದದ್ದಕ್ಕೆ ಸಾಮಾನ್ಯವಾಗಿ ಬೀಗ.

ನನಗೆ ಇದು ಗೊತ್ತಾದದ್ದು ಬೈಸಿಕೊಂಡು. ಹೋದ ಹೊಸತು. ಭಾನುವಾರ ಬೆಳಗ್ಗೆ ಹತ್ತು ಗಂಟೆ. ರೂಮು ಗುಡಿಸಿ, ಖಾಲಿ ಜಾಮ್ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ರಸ್ತೆ ಬದಿಯ ಹಳೆ ಗಾಜು ಹಾಕುವ ಡಬ್ಬಿಗೆ ಒಯ್ದೆ. ಬಿಳಿ ಗಾಜಿಗೆ ಒಂದು ತೂತು, ಕಂದಿಗೆ ಒಂದು, ಹಸಿರಿಗೆ ಒಂದು. ನಾನು ಎಷ್ಟು ಒಳ್ಳೆಯ ಹುಡುಗ ಅಂದುಕೊಳ್ಳುತ್ತಾ ಮೊದಲನೆಯದನ್ನು ಹಾಕಿದೆ. ಢಣ್! ಎದುರಿನ ಎರಡನೇ ಮಹಡಿಯ ಕಿಟಕಿ ತೆರೆಯಿತು. ಒಬ್ಬರು ಅಜ್ಜಿ. "ಹೊಯ್ಟೆ ಇಸ್ಟ್ ಜೊನ್‌ಟಾಗ್!" ಇವತ್ತು ಭಾನುವಾರ! ಉಳಿದ ಆರು ಬಾಟಲಿ ಎದೆಗಪ್ಪಿಕೊಂಡು ಕಳ್ಳನ ಹಾಗೆ ವಾಪಸ್ ಬಂದೆ. ಬಾಟಲಿ ಸದ್ದಿಗೂ ರಜೆ ಮಾರಾಯ್ರೆ ಅಲ್ಲಿ.

ಸದ್ದು ಅಂದಾಗ ನೆನಪಾಯಿತು, ಸಬ್‌ಸ್ಕ್ರೈಬ್ ಮಾಡಿ ಬೆಲ್ ಒತ್ತಿ. ಭಾನುವಾರ ನೋಡುತ್ತಿದ್ದರೆ ಮೆಲ್ಲಗೆ ಒತ್ತಿ.

ಇನ್ನೊಬ್ಬರು ಕೇಳಿದ್ದಾರೆ, "ಭಾನುವಾರ ಟೊಮೆಟೊ ಮುಗಿದರೆ ಏನ್ ಮಾಡ್ತೀರಾ?" ಶನಿವಾರ ತರುತ್ತೇವೆ! ಅಷ್ಟೇ! ರಾಕೆಟ್ ವಿಜ್ಞಾನವಾ ಇದು? ನಮ್ಮಜ್ಜಿ ಸಂತೆ ದಿನಕ್ಕೆ ಲೆಕ್ಕ ಹಾಕಿ ವಾರವಿಡೀ ಅಡುಗೆ ಮಾಡುತ್ತಿರಲಿಲ್ಲವಾ? ಮಂಗಳವಾರ ಕಟಿಂಗ್ ಶಾಪ್ ಮುಚ್ಚಿದ್ದರೆ "ಅಯ್ಯೋ ದೇಶ ಹಿಂದುಳಿದಿದೆ" ಅಂತ ಯಾರಾದರೂ ಕಾಮೆಂಟ್ ಹಾಕಿದ್ದೀರಾ? ಸುಮ್ನೆ ಬುಧವಾರ ಹೋಗುತ್ತೀರಿ ಅಲ್ವಾ?

ಆದರೆ ಒಂದು ಸಲ ಶನಿವಾರವೂ ಕೈಕೊಟ್ಟಿತು. ಒಪ್ಪುತ್ತೇನೆ. 2025ರ ನವೆಂಬರ್ 1. ಕನ್ನಡ ರಾಜ್ಯೋತ್ಸವ. ಹಾಸ್ಟೆಲಿನಲ್ಲಿ ನಮ್ಮ ಮಹಡಿಯವರಿಗೆಲ್ಲ ಸಾರು, ಅನ್ನ, ಪಲ್ಯ ಮಾಡಿ ಹಾಕುತ್ತೇನೆ ಎಂದು ಕೊಚ್ಚಿಕೊಂಡಿದ್ದೆ. ಬೆಳಗ್ಗೆ ಚೀಲ ಹಿಡಿದು ಹೋದರೆ ಬಾಗಿಲು ಬಂದ್. ಅವತ್ತು ಟ್ಯೂಬಿಂಗನ್ ಇರುವ ಬಾಡನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಕ್ರೈಸ್ತರ ಸರ್ವ ಸಂತರ ಹಬ್ಬ, ಸರ್ಕಾರಿ ರಜೆ. ಮರುದಿನ ಭಾನುವಾರ. ಎರಡು ದಿನ ಒಟ್ಟಿಗೆ! ನಾನಂತೂ ಕಿಟ್ಟೆಲ್ ಗೌರವಾರ್ಥ ನಮ್ಮ ಹಬ್ಬಕ್ಕೇ ಊರು ಮುಚ್ಚಿದ್ದಾರೆ ಎಂದುಕೊಂಡೆ. ನಗಬೇಡಿ, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ಅವರ ಮೇಲೆ ಬೇರೆ ವಿಡಿಯೊ ಬರುತ್ತದೆ. ಮೆಂಬರ್ ಆದವರಿಗೆ ಎರಡು ದಿನ ಮೊದಲೇ.

ಎಲ್ಲಿದ್ದೆ? ಹಾಂ, ಅಂಗಡಿ ಬಂದ್. ವಾಪಸ್ ಬಂದು ಫ್ರಿಜ್ಜು ತೆಗೆದೆ. ನನ್ನ ಖಾನೆಯಲ್ಲಿ ಅರ್ಧ ಈರುಳ್ಳಿ, ಒಂದು ಮೊಸರಿನ ಡಬ್ಬಿ. ಬೇಳೆ ಇಲ್ಲ. ಪಕ್ಕದ ರೂಮಿನ ಹುಡುಗಿ ಶ್ವಾಬಿಯಾದವಳು, ಅಂದರೆ ಟ್ಯೂಬಿಂಗನ್ ಸುತ್ತಿನ ಸೀಮೆಯವಳೇ. ಅವರಿಗೂ ಬೇಳೆ ಮನೆ ಊಟ. ಸಿಪ್ಪೆ ಸಹಿತ ಕಂದು ಬೇಳೆ ಬೇಯಿಸಿ, ವಿನಿಗರ್ ಬಿಟ್ಟು, ಸ್ಪೆಟ್ಸ್ಲೆ ಎಂಬ ಹಿಟ್ಟಿನ ಎಳೆಗಳ ಜೊತೆ ತಿನ್ನುತ್ತಾರೆ. ಅವಳು ಒಂದು ಪ್ಯಾಕೆಟ್ ಬೇಳೆ ಕೊಟ್ಟಳು. ಕೊರಿಯಾದ ಹುಡುಗ ಬೆಳ್ಳುಳ್ಳಿ ಕೊಟ್ಟ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ನನ್ನದು. ಹುಣಸೆಹುಳಿ ಇಲ್ಲ, ಅವಳ ವಿನಿಗರ್ರೇ ಗತಿ. ಸಾರು ಮಣ್ಣಿನ ಬಣ್ಣಕ್ಕೆ ಬಂತು. ಅವಳು ಒಂದು ಚಮಚ ಬಾಯಿಗಿಟ್ಟು ಏನೂ ಹೇಳಲಿಲ್ಲ. ಆಮೇಲೆ ಎದ್ದು ಹೋಗಿ ಇನ್ನೆರಡು ಸೌಟು ಬಡಿಸಿಕೊಂಡಳು. ಅಲ್ಲಿವರೆಗೆ ಒಂದು ತಿಂಗಳು ನಾವು "ಹಲೋ" ಬಿಟ್ಟು ಬೇರೆ ಮಾತಾಡಿರಲಿಲ್ಲ.

ಅಂಗಡಿ ತೆರೆದಿದ್ದರೆ ನಾನು ಅವಳ ಬಾಗಿಲು ತಟ್ಟುತ್ತಿದ್ದೆನಾ? ಹೇಳಿ! ಹತ್ತು ನಿಮಿಷದಲ್ಲಿ ತೊಗರಿಬೇಳೆ ತರಿಸಿ, ರೂಮಿನಲ್ಲಿ ಫೋನ್ ನೋಡುತ್ತಾ ತಿನ್ನುತ್ತಿದ್ದೆ. ಅದಕ್ಕೇ ಹೇಳುವುದು, ಮುಚ್ಚಬೇಕು!

"ಕೆಲಸ ಹೋಗುತ್ತೆ, ಡೆಲಿವರಿ ಹುಡುಗರ ಹೊಟ್ಟೆಪಾಡು" ಅನ್ನುತ್ತೀರಿ. ಆಹಾ, ಅವರ ಮೇಲೆ ಎಷ್ಟು ಪ್ರೀತಿ! ಹನ್ನೊಂದನೇ ನಿಮಿಷಕ್ಕೆ ಫೋನ್ ಮಾಡಿ ಬೈಯುವವರು ಯಾರು ಸ್ವಾಮಿ, ನಾನಾ? ಆ ಹುಡುಗನಿಗೂ ಭಾನುವಾರ ಬೇಡವಾ? ಸಂಬಳದ ರಜೆ ಯಾರು ಕೊಡುತ್ತಾರೆ ಅಂತ ಕೇಳಬೇಡಿ, ಅದು ನನ್ನ ಚಾನೆಲ್ಲಿನ ವಿಷಯ ಅಲ್ಲ. ನನ್ನ ವಿಷಯ ಟೊಮೆಟೊ.

ಶನಿವಾರ ತನ್ನಿ. ಯಾಕೆ ಅಂದರೆ ತನ್ನಿ. ಇನ್ನೇನು ಕಾರಣ ಬೇಕು? ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಕಾರಣ ಬರೆದಿದ್ದೆ, ಚೀಟಿ ಮೇಲೆ ಕಾಫಿ ಚೆಲ್ಲಿದೆ. ಪರವಾಗಿಲ್ಲ. ಮುಚ್ಚಬೇಕು ಅಂದರೆ ಮುಚ್ಚಬೇಕು!

ಕೊತ್ತಂಬರಿ ಬ್ರೋ, ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ. ಮುಂದಿನ ವಿಡಿಯೊ ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟು 25 ಸೆಂಟ್ ಪಡೆಯುವುದರ ಮೇಲೆ, ಹಾಗೆ ಕೂಡಿಸಿ ನಾನು ಕೊಂಡ ಕಂಬಳಿಯ ಮೇಲೆ. ಯಾವ ದಿನ ಹಾಕುತ್ತೇನೆ ಗೊತ್ತಿಲ್ಲ, ಭಾನುವಾರವಂತೂ ಅಲ್ಲ.