ಬಹಾಯಿಗಳು ಜಗಳ ಆಡೋದೇ ಇಲ್ವಾ?

ನಮಸ್ಕಾರ. ಹಿಂದೊಮ್ಮೆ ಬಹಾಯಿ ಧರ್ಮದವರು ಕಟ್ಟಿದ ದೆಹಲಿಯ ಕಮಲ ಮಂದಿರದ ವಿಡಿಯೋ ಮಾಡಿದ್ದೆವಲ್ಲ, ಅದನ್ನು ನೋಡಿದ ಒಬ್ಬರು ಕೇಳಿದರು: "ಇವರಿಗೆ ಪೂಜಾರಿನೂ ಇಲ್ಲ, ಮಠಾಧೀಶರೂ ಇಲ್ಲ ಅಂತೀರಿ. ಜಗಳ ಬಂದ್ರೆ ಬಿಡಿಸೋರು ಯಾರು?" ಒಳ್ಳೇ ಪ್ರಶ್ನೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಈ ಧರ್ಮ ಸ್ಥಾಪಿಸಿದವರು 1817ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಬಹಾವುಲ್ಲಾ. ಅವರ ನಂತರ ಮುನ್ನಡೆಸಿದವರು ಅವರ ಮಗ ಅಬ್ದುಲ್ ಬಹಾ, ಆಮೇಲೆ ಅಬ್ದುಲ್ ಬಹಾರ ಮೊಮ್ಮಗ ಶೋಘಿ ಎಫೆಂಡಿ. 1963ರಿಂದ ಇಸ್ರೇಲಿನ ಹೈಫಾದಲ್ಲಿ 9 ಜನರ ಯೂನಿವರ್ಸಲ್ ಹೌಸ್ ಆಫ್ ಜಸ್ಟಿಸ್, ಅಂದರೆ ಇಡೀ ಧರ್ಮಕ್ಕೆ ಎಲ್ಲಕ್ಕಿಂತ ಮೇಲಿನ ಸಭೆ, 5 ವರ್ಷಕ್ಕೊಮ್ಮೆ ಚುನಾವಣೆ. ಊರೂರಿಗೂ 9 ಜನರ ಸಭೆ, ಅದಕ್ಕೆ ವರ್ಷಕ್ಕೊಮ್ಮೆ. ಅಭ್ಯರ್ಥಿ ಇಲ್ಲ, ಪ್ರಚಾರ ಇಲ್ಲ, ಬ್ಯಾನರ್ ಅಂತೂ ಇಲ್ಲವೇ ಇಲ್ಲ. ನಿಮಗೆ ಸರಿ ಅನ್ನಿಸಿದ 9 ಹೆಸರು ಬರೆದು ಹಾಕುವುದು, ಅಷ್ಟೇ.

ಈಗ ಮಜಾ ಇರುವ ಜಾಗಕ್ಕೆ ಬರೋಣ. ಸಭೆಯಲ್ಲಿ ಎಷ್ಟು ಬೇಕಾದರೂ ವಾದ ಮಾಡಬಹುದು. ಅಭಿಪ್ರಾಯಗಳು ಡಿಕ್ಕಿ ಹೊಡೆದರೇನೇ ಸತ್ಯದ ಕಿಡಿ ಹಾರುವುದು ಅಂತ ಅಬ್ದುಲ್ ಬಹಾ ಅವರೇ ಹೇಳಿದ್ದಾರೆ. ಒಮ್ಮೆ ಮಾತು ಆಡಿದ ಮೇಲೆ ಅದು ನಿಮ್ಮದಲ್ಲ, ಸಭೆಯದ್ದು. ಸಾರಿಗೆ ಹಾಕಿದ ಉಪ್ಪಿನ ಹಾಗೆ, ಇದು ನಂದು ಅಂತ ವಾಪಸ್ ತೆಗೆಯೋಕಾಗಲ್ಲ. ಒಮ್ಮತ ಬಾರದಿದ್ದರೆ ಬಹುಮತ. ಆಮೇಲೆ? ವಿರೋಧಿಸಿದವರೂ ಅದನ್ನೇ ಮನಸಾರೆ ಮಾಡಬೇಕು, ತೀರ್ಮಾನ ತಪ್ಪು ಅನ್ನಿಸಿದರೂ ಹೊರಗೆ ಹೋಗಿ ಟೀಕಿಸುವ ಹಾಗಿಲ್ಲ.

ತಪ್ಪಾಗಿದ್ದರೂನಾ? ಹೌದು, ಮೊದಲು ಓದಿದಾಗ ನಾನೂ ಹುಬ್ಬೇರಿಸಿದೆ. ಆಮೇಲೆ ನಮ್ಮನೆ ಇಡ್ಲಿ ನೆನಪಾಯಿತು.

[ಸ್ಕ್ರೀನ್ ಮೇಲೆ: ಇಡ್ಲಿ ಹಿಟ್ಟಿನ ಪಾತ್ರೆ]

ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಅನ್ನೋದು ಅಜ್ಜಿಯ ಲೆಕ್ಕ. ನಾಲ್ಕಕ್ಕೆ ಒಂದು ಹಾಕಿ ನೋಡೋಣ ಅಂದರು ಅಮ್ಮ. ಮನೆಯವರೆಲ್ಲ ಅಮ್ಮನ ಕಡೆ. ಅಜ್ಜಿ ಬಾಯಲ್ಲಿ "ಆಯ್ತಮ್ಮ" ಅಂದು, ನೆನೆಸುವಾಗ ಯಾರೂ ಇಲ್ಲದ ಹೊತ್ತು ನೋಡಿ ಇನ್ನೊಂದು ಹಿಡಿ ಉದ್ದು ಸೇರಿಸಿಬಿಟ್ಟರು. ಬೆಳಿಗ್ಗೆ ಇಡ್ಲಿ ಚಪ್ಪಟೆ. ಅಮ್ಮನ ಲೆಕ್ಕ ತಪ್ಪಾ, ಅಜ್ಜಿಯ ಹಿಡಿ ತಪ್ಪಾ? ಇವತ್ತಿಗೂ ಗೊತ್ತಿಲ್ಲ! ಅಬ್ದುಲ್ ಬಹಾ ಹೇಳೋದು ಹೆಚ್ಚೂ ಕಡಿಮೆ ಇದೇ. ಎಲ್ಲರೂ ಒಟ್ಟಾಗಿ ತಪ್ಪು ಮಾಡಿದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಅರ್ಧ ಜನ ಕಾಲೆಳೆದರೆ ಕೆಟ್ಟಿದ್ದು ಯಾವುದು ಅಂತಲೇ ತಿಳಿಯಲ್ಲ.

ಹಾಗಂತ ಬಾಯಿ ಪೂರ್ತಿ ಮುಚ್ಚಿಸಿಲ್ಲ. 19 ದಿನಕ್ಕೊಮ್ಮೆ ಎಲ್ಲರೂ ಸೇರುತ್ತಾರೆ, ಅಲ್ಲಿ ಯಾರು ಬೇಕಾದರೂ ಸಭೆಗೆ ಸಲಹೆ ಕೊಡಬಹುದು, ತಕರಾರು ಹೇಳಬಹುದು. ತೀರ್ಮಾನವನ್ನು ಮರುಪರಿಶೀಲಿಸಿ ಅಂತ ಕೇಳಬಹುದು, ಮೇಲಿನ ಸಭೆಗೂ ಹೋಗಬಹುದು. ಬಾಗಿಲು ಇದೆ, ಆದರೆ ಎಲ್ಲ ಬಾಗಿಲೂ ಒಳಮನೆಗೇ ತೆರೆಯುತ್ತವೆ. ನನಗೆ ಕಸಿವಿಸಿ ಆಗೋದು ಇಲ್ಲೇ. ಅಜ್ಜಿ ಹೇಳಿದ್ದೇ ಸರಿ ಅಂದುಕೊಳ್ಳಿ, ಅವರು ಪಕ್ಕದ ಮನೆಯವರ ಹತ್ತಿರ ಅದನ್ನು ಹೇಳಿಕೊಳ್ಳುವ ಹಾಗೂ ಇಲ್ಲ.

ಟೈಮ್ ಆಗ್ತಿದೆ, ಉಳಿದ ಎರಡು ಕಥೆ ಒಟ್ಟಿಗೇ ಹೇಳಿಬಿಡ್ತೀನಿ. ಬಹಾಯಿಗಳು ತಮ್ಮ ಧರ್ಮದ ಬಗ್ಗೆ ಬರೆದದ್ದು ಅಚ್ಚಿಗೆ ಹೋಗುವ ಮೊದಲು ತಮ್ಮದೇ ಸಂಸ್ಥೆಯ ಪರಿಶೀಲನೆಗೆ ಹೋಗಬೇಕು. 1988ರಲ್ಲಿ ಲಾಸ್ ಏಂಜಲೀಸ್‌ನ ಒಂದು ಬಹಾಯಿ ಪತ್ರಿಕೆಯವರು ಅಮೆರಿಕದ ಸಮುದಾಯ ಸುಧಾರಿಸಲು 9 ಸಲಹೆಗಳ ಲೇಖನ ಬರೆದು, ನಿಯಮದಂತೆ ಪರಿಶೀಲನೆಗೇ ಕಳಿಸಿದರು. ರಾಷ್ಟ್ರೀಯ ಸಮಾವೇಶದಲ್ಲಿ ಅವರಿಗೆ ಛೀಮಾರಿ ಬಿತ್ತು, ಪತ್ರಿಕೆ ನಿಂತುಹೋಯಿತು. ಇನ್ನೊಬ್ಬರು ಮೇಸನ್ ರೀಮಿ, ಅಮೆರಿಕದ ವಾಸ್ತುಶಿಲ್ಪಿ. 1957ರಲ್ಲಿ ಶೋಘಿ ಎಫೆಂಡಿ ತೀರಿಕೊಂಡಾಗ ಉತ್ತರಾಧಿಕಾರಿಯನ್ನು ಹೆಸರಿಸಿಲ್ಲ ಅನ್ನುವ ಹೇಳಿಕೆಗೆ ಉಳಿದ ಮುಖಂಡರ ಜೊತೆ ತಾವೂ ಸಹಿ ಹಾಕಿದ್ದರು. 1960ರಲ್ಲಿ "ಉತ್ತರಾಧಿಕಾರಿ ನಾನೇ" ಅಂದರು! ಅವರನ್ನೂ ಅವರ ಹಿಂದೆ ಹೋದವರನ್ನೂ ಹೊರಹಾಕಿದರು. ಅಂಥವರ ಜೊತೆ ಬಹಾಯಿಗಳು ಒಡನಾಟವನ್ನೇ ಇಟ್ಟುಕೊಳ್ಳುವುದಿಲ್ಲ.

ಬೇರೆ ಮತ ಹೇಳೋದಕ್ಕೂ ಬೇರೆ ಪೀಠ ಹೂಡೋದಕ್ಕೂ ವ್ಯತ್ಯಾಸ ಇದೆ ಅಂತ ಬಹಾಯಿಗಳೇ ಹೇಳುತ್ತಾರೆ. ರೀಮಿಯ ವಿಷಯದಲ್ಲಿ ಆ ಗೆರೆ ಸ್ಪಷ್ಟ. ಪತ್ರಿಕೆಯವರು ಹೂಡಿದ ಪೀಠ ಯಾವುದು ಅಂತ ನನಗಂತೂ ಕಾಣಲಿಲ್ಲ. ನೀವು ಹೇಳಿ.

ಅಂದಹಾಗೆ, ಅಜ್ಜಿ ಆ ಉದ್ದಿನ ಹಿಡಿಯನ್ನು ಒಪ್ಪಿಕೊಂಡದ್ದು ಆರು ತಿಂಗಳ ಮೇಲೆ. ಅದೂ ಅಮ್ಮ ಊರಲ್ಲಿ ಇಲ್ಲದಾಗ.