ರೈಫಲ್ ಗುರಿ ತಪ್ಪುತ್ತಿದೆಯಾ? ನಳಿಗೆಗಿಂತ ಮೊದಲು ಸ್ಟಾಕ್ ನೋಡಿ

ನಮಸ್ಕಾರ. ತೀರ್ಥಹಳ್ಳಿ, ಹೊಸನಗರದ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಇರುವ ಮನೆಗಳಿವೆ. ತೋಟೆಕೋವಿಯ ನಳಿಗೆ ಒಳಗೆ ನುಣುಪು. ಇವತ್ತಿನ ಮಾತು ಅದರದ್ದಲ್ಲ, ನಳಿಗೆಯೊಳಗೆ ಸುರುಳಿ ಗೀರುಗಳಿರುವ, ಬೋಲ್ಟ್ ಅನ್ನುವ ಚಿಲಕ ಎಳೆದು ಗುಂಡು ತುಂಬಿ ಟಾರ್ಗೆಟ್‌ಗೆ ಹೊಡೆಯುವ ರೈಫಲ್‌ನದ್ದು. ಬೇಟೆಗೆ ಹೊರಟವರಿಗೆ ಈ ವಿಡಿಯೋ ಅಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಪ್ರತಿ ಸಲ ಒಂದೇ ರೀತಿ ನಡುಗಿದರೆ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆ. ಅದಕ್ಕೇ ಎಷ್ಟೋ ರೈಫಲ್‌ಗಳಲ್ಲಿ ನಳಿಗೆ ಮತ್ತು ಸ್ಟಾಕ್ (ನಳಿಗೆ ಕೂರುವ, ಕೈಯಲ್ಲಿ ಹಿಡಿಯುವ ಮರದ ಇಲ್ಲವೇ ಪ್ಲಾಸ್ಟಿಕ್‌ನ ಭಾಗ) ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ನ ಮುಂಭಾಗ ಒಳಗೆ ಟೊಳ್ಳು. ಮರಳಿನ ಚೀಲದ ಮೇಲಿಟ್ಟು ಒತ್ತಿದರೆ ಅದು ಬಾಗಿ ನಳಿಗೆಗೆ ತಾಗುತ್ತದೆ. ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ. ಗುಂಡೂ ಹಾಗೇ ಜಾಗ ಬದಲಿಸುತ್ತದೆ.

[ಹತ್ತಿರದ ದೃಶ್ಯ: ನಳಿಗೆ ಮತ್ತು ಸ್ಟಾಕ್ ನಡುವಿನ ಸಂದು]

ಪರೀಕ್ಷೆ ಸುಲಭ. ಮೊದಲು ಗುಂಡು ಇಲ್ಲ ಅಂತ ಎರಡೆರಡು ಸಲ ನೋಡಿ, ಬೋಲ್ಟ್ ತೆಗೆದಿಡಿ. ಒಂದು ನೋಟನ್ನು ಸಂದಿಗೆ ತೂರಿಸಿ ಹಿಂದಕ್ಕೆ ಎಳೆಯುತ್ತಾ ಹೋಗಿ. ಈಗ ಸ್ಟಾಕ್‌ನ ಮುಂಭಾಗವನ್ನು ನಳಿಗೆಯ ಕಡೆಗೆ ಒತ್ತಿ. ನೋಟು ಸಿಕ್ಕಿಕೊಂಡರೆ ಅಲ್ಲೇ ತಾಗುತ್ತಿದೆ ಅಂತ.

ಮರದ ಸ್ಟಾಕ್‌ಗೆ ನಮ್ಮ ಮಳೆಗಾಲವೇ ತೊಂದರೆ. ಮರ ತೇವ ಹೀರಿದರೆ ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಉಬ್ಬುತ್ತದೆ. ಬೇಸಿಗೆಯಲ್ಲಿ ಇದ್ದ ಸಂದು ಆಷಾಢದಲ್ಲಿ ಇರುವುದಿಲ್ಲ. ಹೊರಗೆ ಹೊಳೆಯುವ ಪಾಲಿಶ್ ಇದ್ದರೂ ನಳಿಗೆ ಕೂರುವ ಕಾಲುವೆ ಬರಿ ಮರವೇ ಆಗಿರಬಹುದು. ಅಲ್ಲಿಗೂ ವಾರ್ನಿಶ್ ಬೇಕು.

ಪ್ಲಾಸ್ಟಿಕ್ ಸ್ಟಾಕ್ ಆದರೆ ಟೊಳ್ಳಿನೊಳಗೆ ಕಾರ್ಬನ್ ಫೈಬರ್ ಅಥವಾ ಅಲ್ಯುಮಿನಿಯಂ ಕಡ್ಡಿ ಕೂರಿಸಿ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬುತ್ತಾರೆ. ಕಡ್ಡಿ ಎಲ್ಲಿ ಕೂರುತ್ತದೆ ಅನ್ನುವುದೇ ಮುಖ್ಯ. ಅಡಿಕೆ ದಬ್ಬೆಯನ್ನು ಮಲಗಿಸಿ ಇಟ್ಟರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಇಟ್ಟರೆ ಬಾಗುವುದಿಲ್ಲ, ಅಲ್ವಾ? ಎತ್ತರ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಹಾಗಾಗಿ ಎರಡು ಕಡ್ಡಿಗಳನ್ನು ಅಕ್ಕಪಕ್ಕ ಇಡುವ ಬದಲು ಒಂದನ್ನು ಮೇಲೆ, ಇನ್ನೊಂದನ್ನು ಆದಷ್ಟು ಕೆಳಗೆ ಇಡಬೇಕು. ನಡುವೆ ಎಪಾಕ್ಸಿ ತುಂಬಬೇಕು.

ಎಪಾಕ್ಸಿ ನಯವಾದ ಪ್ಲಾಸ್ಟಿಕ್‌ಗೆ ಸರಿಯಾಗಿ ಅಂಟುವುದಿಲ್ಲ. ಸ್ಯಾಂಡ್ ಪೇಪರ್‌ನಿಂದ ಚೆನ್ನಾಗಿ ಉಜ್ಜಿ, ಒಳಗಿನ ಅಡ್ಡ ಪಟ್ಟಿಗಳಲ್ಲಿ ತೂತು ಕೊರೆದರೆ ಕಚ್ಚಿಕೊಳ್ಳುತ್ತದೆ. ಬೇಗ ಗಟ್ಟಿಯಾಗುವ ಎಪಾಕ್ಸಿಯನ್ನು ದಪ್ಪಗೆ ಒಮ್ಮೆಲೇ ಸುರಿಯಬೇಡಿ. ಅದು ಬಿಸಿಯಾಗಿ ಸ್ಟಾಕ್ ಸೊಟ್ಟಗಾಗಬಹುದು. ನಿಧಾನಕ್ಕೆ ಗಟ್ಟಿಯಾಗುವುದನ್ನೇ ತಂದು, ಸ್ವಲ್ಪ ಸ್ವಲ್ಪವೇ ತುಂಬಿ. ಜಡಿಮಳೆಯಲ್ಲಂತೂ ಈ ಕೆಲಸ ಬೇಡವೇ ಬೇಡ. ಥಂಡಿ ಹವೆಯಲ್ಲಿ ಎಪಾಕ್ಸಿಯ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಕೊನೆಗೆ ಕಾಲುವೆಯನ್ನು ಉಜ್ಜಿ ಸಂದನ್ನು ಮತ್ತೆ ಬಿಡಿಸಬೇಕು. ರೈಫಲ್‌ನ ಮುಂಭಾಗದ ತೂಕ ಸ್ವಲ್ಪ ಹೆಚ್ಚುತ್ತದೆ. ಕೂತು ಹೊಡೆಯುವವರಿಗೆ ಅದು ಒಳ್ಳೆಯದೇ, ಹೊತ್ತು ನಡೆಯುವವರಿಗೆ ಭಾರ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೋವಿ ರಿಪೇರಿಗೂ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು. ವಿಷಯ ತಿಳಿದುಕೊಳ್ಳಿ, ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಅದಕ್ಕೂ ಮುಂಚೆ ಆಕ್ಷನ್ ಸ್ಕ್ರೂ (ಬೋಲ್ಟ್ ಓಡಾಡುವ ಲೋಹದ ಭಾಗವಾದ ಆಕ್ಷನ್ಅನ್ನು ಸ್ಟಾಕ್‌ಗೆ ಬಿಗಿಯುವ ಸ್ಕ್ರೂ), ಸ್ಕೋಪ್ ಮೌಂಟ್ (ಗುರಿ ನೋಡುವ ದುರ್ಬೀನು ಕೂರಿಸುವ ಹಿಡಿ) ಸಡಿಲ ಇವೆಯಾ ಅಂತ ನೋಡಿಸಿ. ಅವು ಅಲ್ಲಾಡುತ್ತಿದ್ದರೆ ಸ್ಟಾಕ್ ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ.

ಕೆಲಸ ಆದ ಮೇಲೆ ಶೂಟಿಂಗ್ ರೇಂಜ್‌ನಲ್ಲಿ ಮರಳಿನ ಚೀಲವನ್ನು ಸ್ಟಾಕ್‌ನ ಮುಂತುದಿಗೆ ಇಟ್ಟು ಐದು ಗುಂಡು ಹೊಡೆಯಿರಿ, ಐದು ಆಕ್ಷನ್ ಹತ್ತಿರ ಇಟ್ಟು. ಎರಡೂ ಗುಂಪು ಒಂದೇ ಕಡೆ ಬಿದ್ದರೆ ಸ್ಟಾಕ್ ಬಾಗುವುದು ನಿಂತಿದೆ.